ಹಾಲು ಕುಡಿಯುವವರೂ ಕಲಿಯಬೇಕಾದ ವಿದ್ಯೆ

ಬೆಳಗಿನ ಐದು ಗಂಟೆಗೆ ಜಯನಗರದ ಯಾವ ಬೀದಿಯಲ್ಲಿ ನಿಂತು ನೋಡಿದರೂ ಹಾಲಿನ ಗಾಡಿಯು ಬಂದು ನಿಲ್ಲುವುದು ಕಾಣುತ್ತದೆ. ನೀಲಿ ಪೊಟ್ಟಣಗಳು ಅಂಗಡಿಗಳಿಗೆ ಇಳಿಯುತ್ತವೆ. ಆರು ಗಂಟೆಗೆ ಮನೆಮನೆಯ ಒಲೆಯ ಮೇಲೆ ಹಾಲು ಉಕ್ಕುತ್ತದೆ. ಏಳಕ್ಕೆ ಕಾಫಿ ಮುಗಿದು ಲೋಟ ತೊಳೆದಿರುತ್ತದೆ. ಇಷ್ಟರೊಳಗೆ, ಈ ಹಾಲು ಯಾವ ಊರಿನ ಯಾರ ಕೊಟ್ಟಿಗೆಯಿಂದ ಬಂದಿತು, ಅದನ್ನು ಕರೆದವರ ಕೈಗೆ ಏನು ಬಂದಿತು ಎಂದು ಒಂದು ಕ್ಷಣವಾದರೂ ಯೋಚಿಸುವವರು ನಮ್ಮಲ್ಲಿ ಎಷ್ಟು ಮಂದಿ? ಪರರನ್ನು ದೂರುವುದಕ್ಕಾಗಿ ಈ ಮಾತನ್ನೆತ್ತಿಲ್ಲ. ನಾವೂ ಆ ಉದಾಸೀನರ ಸಾಲಿನಲ್ಲಿ ಬಹುಕಾಲ ಕುಳಿತವರೇ.

ಬಿ.ಟಿ.ಎಂ. ಬಡಾವಣೆಯೆಂದು ಮೂರಕ್ಷರದಲ್ಲಿ ನಾವು ಕರೆಯುವ ಸ್ಥಳವು ಬೈರಸಂದ್ರ, ತಾವರೆಕೆರೆ, ಮಡಿವಾಳಗಳೆಂಬ ಮೂರು ಹಳ್ಳಿಗಳ ಹೆಸರನ್ನು ಕತ್ತರಿಸಿ ಜೋಡಿಸಿದ್ದು. ಜೆ.ಪಿ. ನಗರದ ನಡುವೆ ಸಾರಕ್ಕಿಯೂ ಪುಟ್ಟೇನಹಳ್ಳಿಯೂ, ಬನಶಂಕರಿಯ ನಡುವೆ ಕದಿರೇನಹಳ್ಳಿಯೂ ಇಂದಿಗೂ ಹೆಸರು ಉಳಿಸಿಕೊಂಡಿವೆ. ೧೯೪೮ರಲ್ಲಿ ಜಯನಗರಕ್ಕೆ ಅಸ್ತಿಭಾರವಿಟ್ಟಾಗ ಇವೆಲ್ಲ ಹೊಲ, ತೋಪು, ಕೆರೆಗಳ ನಡುವಿನ ಊರುಗಳು. ಪಟ್ಟಣವು ಬೆಳೆದು ಇವನ್ನು ನುಂಗಿದ ಮೇಲೆಯೂ ಕೆಲವು ಮನೆಗಳಲ್ಲಿ ಹಸುಗಳು ಉಳಿದವು.

ನಮ್ಮ ಬಾಲ್ಯದಲ್ಲಿ ಸಾರಕ್ಕಿಯ ಕಡೆಯಿಂದ ಒಬ್ಬ ಹಿರಿಯರು ದಿನವೂ ಹಸುವನ್ನು ಮನೆಯ ಬಾಗಿಲಿಗೇ ಹೊಡೆದುಕೊಂಡು ಬಂದು ಹಾಲು ಕರೆದು ಕೊಡುತ್ತಿದ್ದರು. ಕರೆಯುವುದಕ್ಕೆ ಮೊದಲು ಪಾತ್ರೆಯನ್ನು ಬೋರಲು ಹಾಕಿ, “ನೋಡ್ರವ್ವಾ, ನೀರಿಲ್ಲ” ಎಂದು ನಮ್ಮ ಅಜ್ಜಿಗೆ ತೋರಿಸುವುದು ಅವರ ನಿತ್ಯದ ಕ್ರಮ. ಅಜ್ಜಿಯವರು ಅದನ್ನು ನೋಡಿಯೂ ನಂಬದೆ ಜಗಲಿಯ ಮೇಲೆ ನಿಂತೇ ಇರುತ್ತಿದ್ದರು. ಆದರೆ ಆ ಹಸುವಿಗೆ ಜ್ವರ ಬಂದರೆ ಅಜ್ಜಿಗೆ ತಿಳಿಯುತ್ತಿತ್ತು. ಕರು ಸತ್ತರೆ ಮನೆಯಲ್ಲೆಲ್ಲ ಮರುಕವಿರುತ್ತಿತ್ತು. ತರಕಾರಿಯ ಸಿಪ್ಪೆಯೂ ಅಕ್ಕಿ ತೊಳೆದ ನೀರೂ ಅದರ ಪಾಲಿಗೆ ಮೀಸಲಾಗಿದ್ದವು. ಸಂಶಯವಿದ್ದರೂ ಸಂಬಂಧವಿತ್ತು. ಮೇಯಿಸುವ ಬಯಲೆಲ್ಲ ನಿವೇಶನಗಳಾಗಿ, ಮಕ್ಕಳು ಬೇರೆ ಉದ್ಯೋಗ ಹಿಡಿದ ಮೇಲೆ ಆ ಹಿರಿಯರು ಹಸುಗಳನ್ನು ಮಾರಿದರು. ನಮ್ಮ ಮನೆಗೆ ಪೊಟ್ಟಣದ ಹಾಲು ಬಂದಿತು. ಈ ಹಾಲು ಅಳತೆಯಲ್ಲಿ ಸರಿ, ಶುದ್ಧಿಯಲ್ಲಿ ಮೇಲು. ಆದರೆ ಹಸುವಿನ ಸುಖದುಃಖಗಳ ವರ್ತಮಾನವು ಅದರೊಡನೆ ಬರಲಿಲ್ಲ. ಕರೆಯುವವರಿಗೂ ಕುಡಿಯುವವರಿಗೂ ನಡುವೆ ಒಂದು ಗೋಡೆ ಎದ್ದಿತು. ಆ ಗೋಡೆಯನ್ನು ಒಡೆಯಬೇಕಾದುದು ವಿದ್ಯೆಯಿಂದ ಎಂಬುದೇ ಈ ಲೇಖನದಲ್ಲಿ ನಾವು ಮಾಡತಕ್ಕ ಬಿನ್ನಹ.

ಈ ವಿದ್ಯೆಗೆ ನಮ್ಮ ನೆರೆಯಲ್ಲಿಯೇ ಒಂದು ಪೀಠವಿದೆ. ಹೊಸೂರು ರಸ್ತೆಯ ಆಡುಗೋಡಿಯಲ್ಲಿ ೧೯೨೩ರಲ್ಲಿ ಪಶುಪಾಲನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆಯು ಸ್ಥಾಪಿತವಾಯಿತು. ೧೯೫೫ರಲ್ಲಿ ಅದರ ಮುಖ್ಯಸ್ಥಾನವು ಕರ್ನಾಲಿಗೆ ಹೋದರೂ ದಕ್ಷಿಣದ ಶಾಖೆಯು ಇಲ್ಲಿಯೇ ಉಳಿಯಿತು. ೧೯೨೭ರಲ್ಲಿ ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದು ಬೆಂಗಳೂರಿಗೆ ಬಂದ ಗಾಂಧೀಜಿಯವರು ಜೂನ್ ತಿಂಗಳಿನಲ್ಲಿ ಈ ಸಂಸ್ಥೆಗೆ ಬಂದು, ಅಲ್ಲಿದ್ದ ವಿಲಿಯಂ ಸ್ಮಿತ್ ಎಂಬ ತಜ್ಞರಿಂದ ದನಗಳ ಪಾಲನೆಯನ್ನು ಕುರಿತು ಪಾಠ ಹೇಳಿಸಿಕೊಂಡರು. ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದರು. ಆಗ ಅವರಿಗೆ ೫೭ ವರ್ಷ ವಯಸ್ಸು.

ಇಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಅವರು ಹಸುವಿನ ಹಾಲನ್ನು ಕುಡಿಯುವವರಲ್ಲ. ೧೯೧೨ರಲ್ಲಿಯೇ ಹಾಲನ್ನು ತ್ಯಜಿಸಿದ್ದರು. ಮುಂದೆ ಕಾಯಿಲೆ ಬಿದ್ದಾಗ ಆಡಿನ ಹಾಲಿಗೆ ಒಪ್ಪಿದರು. ಕಲ್ಕತ್ತೆಯ ಗೌಳಿಗರು ಹಾಲಿಳಿಸಲು ಹಸುಗಳಿಗೆ ಕೊಡುತ್ತಿದ್ದ ಹಿಂಸೆಯ ವರದಿಯನ್ನು ಓದಿದುದೂ ಆ ತ್ಯಾಗಕ್ಕೆ ಒಂದು ಕಾರಣ. ತಾನು ಕುಡಿಯದ ಹಾಲಿನ ವಿಷಯವನ್ನು ತಿಳಿಯುವುದಕ್ಕೆ ಆ ಮಹನೀಯರು ಆಡುಗೋಡಿಗೆ ಬಂದು ಶಿಷ್ಯರಾಗಿ ಕುಳಿತರು. ದಿನಕ್ಕೆ ಎರಡು ಹೊತ್ತು ಹಾಲನ್ನು ಕುಡಿಯುವ ನಾವು ಅದೇ ಗೇಟಿನ ಮುಂದೆ ಬಸ್ಸಿನಲ್ಲಿ ಹಾದುಹೋಗುತ್ತೇವೆ; ಒಳಗೇನಿದೆಯೆಂದು ಕೇಳುವುದಿಲ್ಲ!

ಅಲ್ಲಿಯ ವಿದ್ಯೆಯು ಹೊರಗೆ ಹರಿದಾಗ ಏನಾಯಿತೆಂಬುದನ್ನೂ ಹೇಳಬೇಕು. ವರ್ಗೀಸ್ ಕುರಿಯನ್ನರು ತಾರುಣ್ಯದಲ್ಲಿ ಬೆಂಗಳೂರಿನ ಇದೇ ಸಂಸ್ಥೆಯಲ್ಲಿ ಕೆಲಕಾಲ ಶಿಕ್ಷಣ ಪಡೆದು, ಅಮೆರಿಕದಲ್ಲಿ ಓದಿ, ೧೯೪೯ರಲ್ಲಿ ಗುಜರಾತಿನ ಆಣಂದಕ್ಕೆ ಹೋದರು. ಅಲ್ಲಿ ತ್ರಿಭುವನದಾಸ ಪಟೇಲರ ಮುಂದಾಳುತನದಲ್ಲಿ ರೈತರು ೧೯೪೬ರಲ್ಲಿ ಕಟ್ಟಿದ ಹಾಲಿನ ಸಹಕಾರ ಒಕ್ಕೂಟಕ್ಕೆ ಶಾಸ್ತ್ರಜ್ಞಾನವು ದೊರೆಯಿತು. ರೈತನ ಒಗ್ಗಟ್ಟು, ಬಲ್ಲವನ ವಿದ್ಯೆ ಇವೆರಡೂ ಕೂಡಿದಲ್ಲಿ ಫಲವು ಕಂಡಿತು.

ಸಹಕಾರವು ನಮ್ಮ ನಾಡಿಗೂ ಹೊಸತಲ್ಲ. ೧೯೦೫ರಲ್ಲಿ ಗದಗು ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ಗದಗು ಮುಂಬಯಿ ಪ್ರಾಂತದಲ್ಲಿತ್ತು, ಬೆಂಗಳೂರು ಮೈಸೂರು ಸಂಸ್ಥಾನದಲ್ಲಿತ್ತು. ೧೯೫೫ರಲ್ಲಿ ಕೂಡಿಗೆಯಲ್ಲಿ ಹಾಲಿನ ಸಹಕಾರ ಸಂಘವು ಹುಟ್ಟಿದಾಗ ಕೊಡಗು ಬೇರೆಯೇ ರಾಜ್ಯ. ೧೯೫೬ರಲ್ಲಿ ಕನ್ನಡಿಗರೆಲ್ಲ ಒಂದಾದ ಮೇಲೆ, ೧೯೬೫ರಲ್ಲಿ ಹೊಸೂರು ರಸ್ತೆಯಲ್ಲಿ ಬೆಂಗಳೂರು ಡೇರಿಯು ಆರಂಭವಾಯಿತು. ೧೯೭೪ರಲ್ಲಿ ವಿಶ್ವಬ್ಯಾಂಕಿನ ನೆರವಿನೊಡನೆ ಹೈನು ಅಭಿವೃದ್ಧಿ ಯೋಜನೆಯು ಕೈಗೂಡಿತು. ೧೯೮೪ರಲ್ಲಿ ಕರ್ನಾಟಕ ಹಾಲು ಮಹಾಮಂಡಳವು ಏರ್ಪಟ್ಟಿತು. ೨೦೨೪ರಲ್ಲಿ ಒಂದೇ ದಿನದ ಹಾಲಿನ ಸಂಗ್ರಹವು ೧ ಕೋಟಿ ಲೀಟರನ್ನು ಮುಟ್ಟಿತು. ಹರಿದು ಹಂಚಿಹೋಗಿದ್ದ ನಾಡು ಒಂದಾದುದರ ಫಲಗಳಲ್ಲಿ, ಪ್ರತಿ ಮನೆಯ ಒಲೆಯ ಮೇಲೆ ಕಾಣುವ ಫಲ ಇದು.

ಹಾಗಾದರೆ ಇನ್ನೇನು ಕಲಿಯಬೇಕಾಗಿದೆ ಎಂದು ಕೆಲವರು ಕೇಳಬಹುದು. ಮೊದಲು ಹಸು ಕಟ್ಟಿದವರ ಮಾತನ್ನು ನೋಡೋಣ. ಆನೇಕಲ್ಲು, ಕನಕಪುರ, ಮಾಗಡಿಗಳ ಹಳ್ಳಿಗಳಲ್ಲಿ ಬೆಳಗೂ ಸಂಜೆಯೂ ಜನರು ಸಂಘದ ಡೇರಿಗೆ ಹಾಲು ಹಾಕುತ್ತಾರೆ. ಅದರಲ್ಲಿಯ ಜಿಡ್ಡನ್ನೂ ಜಿಡ್ಡಲ್ಲದ ಘನಾಂಶವನ್ನೂ ಅಳೆದು ಬೆಲೆ ಕಟ್ಟುತ್ತಾರೆ. ಆ ಚೀಟಿಯ ಅಂಕಿಗಳನ್ನು ಓದಬಲ್ಲವನು ಮೇವನ್ನು ತಿದ್ದಿಕೊಳ್ಳುತ್ತಾನೆ. ಓದಲಾರದವನು ಬಟವಾಡೆಯ ದಿನ ತನಗೆ ಮೋಸವಾಯಿತೆಂದು ಕೊರಗುತ್ತಾನೆ, ನಿಜವಾಗಿ ಮೋಸವಾದರೆ ಅದನ್ನು ತೋರಿಸಿಕೊಡಲಾರನು. ಕರೆಯುವ ಮೊದಲ ಕೆಲವು ಧಾರೆಗಳನ್ನು ಕಪ್ಪು ಬಟ್ಟೆಯ ಮೇಲೆ ಬಿಟ್ಟು ನೋಡಿದರೆ ಕೆಚ್ಚಲು ಬಾವಿನ ಗರಣೆಯು ಕಾಣುತ್ತದೆ. ಕರೆದ ಕೂಡಲೆ ಮೇವು ಹಾಕಿದರೆ ಹಸುವು ಸ್ವಲ್ಪ ಹೊತ್ತು ಮಲಗದೆ ನಿಲ್ಲುತ್ತದೆ. ಅಷ್ಟರಲ್ಲಿ ಮೊಲೆಯ ತೂತು ಮುಚ್ಚಿಕೊಂಡು ನೆಲದ ಕೊಳೆ ಒಳಸೇರದು. ಗಿಣ್ಣುಹಾಲಿನ ಮೊದಲ ಹಕ್ಕು ಕರುವಿನದು; ಹುಟ್ಟಿದ ಕೆಲವು ಗಂಟೆಗಳೊಳಗೆ ಅದನ್ನು ಕುಡಿಯದ ಕರುವಿಗೆ ರೋಗವನ್ನು ತಡೆಯುವ ಶಕ್ತಿ ಬಾರದು. ಇವುಗಳಿಗೆ ಕಾಸಿನ ಖರ್ಚಿಲ್ಲ, ಹೇಳಿಕೊಡುವವರು ಬೇಕು ಅಷ್ಟೆ. ೨೦೧೩ರಲ್ಲಿ ಕಾಲುಬಾಯಿ ಜ್ವರವೂ, ೨೦೨೨ರಲ್ಲಿ ಚರ್ಮಗಂಟು ರೋಗವೂ ಕರ್ನಾಟಕದ ಕೊಟ್ಟಿಗೆಗಳಿಗೆ ನುಗ್ಗಿ ಎಷ್ಟೋ ರಾಸುಗಳನ್ನು ಬಲಿತೆಗೆದುಕೊಂಡವು. ಎರಡು ಸೀಮೆಹಸುಗಳನ್ನು ನಂಬಿದ ಮನೆಯಲ್ಲಿ ಒಂದು ಸತ್ತರೆ ಮಗಳ ಓದು ನಿಲ್ಲುತ್ತದೆ. ಸಕಾಲದಲ್ಲಿ ಲಸಿಕೆ ಹಾಕಿಸಬೇಕೆಂಬ ಒಂದು ಮಾತು ಮನೆಮುಟ್ಟುವುದಕ್ಕೂ ಮುಟ್ಟದಿರುವುದಕ್ಕೂ ಇರುವ ಅಂತರ ಇಷ್ಟು.

ಇನ್ನು ಕುಡಿಯುವವರ ಮಾತು. ನೀಲಿ ಪೊಟ್ಟಣದ ಟೋನ್ಡ್ ಹಾಲಿನಲ್ಲಿ ಜಿಡ್ಡು ನೂರಕ್ಕೆ ೩ ಪಾಲು, ಜಿಡ್ಡಲ್ಲದ ಘನಾಂಶ ೮.೫ ಪಾಲು ಇರಬೇಕೆಂಬುದು ನಿಯಮ. ಇದನ್ನು ತಿಳಿಯದೆ, ಕೆನೆ ತೆಳುವಾಯಿತೆಂದರೆ ನೀರು ಬೆರೆಸಿದರೆಂದು ಬಯ್ಯುವ ಪದವೀಧರರನ್ನು ನಾವು ಕಂಡಿದ್ದೇವೆ. ಹಾಲನ್ನು ೭೨ ಡಿಗ್ರಿ ಶಾಖದಲ್ಲಿ ೧೫ ಸೆಕೆಂಡು ಇರಿಸಿ ತಣಿಸುವುದರಿಂದ ರೋಗಾಣುಗಳು ಸಾಯುತ್ತವೆಂಬುದನ್ನು ಶಾಲೆಯಲ್ಲಿ ಓದಿದವರೇ, ಹಸಿಹಾಲು ಶ್ರೇಷ್ಠವೆಂಬ ಮಾತಿಗೆ ಮರುಳಾಗಿ ಕಾಯಿಸದೆ ಕುಡಿದು ಕ್ಷಯ, ಬ್ರುಸೆಲ್ಲಾ ಮುಂತಾದ ರೋಗಗಳಿಗೆ ಬಾಗಿಲು ತೆರೆಯುತ್ತಾರೆ. ೨೦೨೫ರ ಏಪ್ರಿಲಿನಲ್ಲಿ ನಂದಿನಿ ಹಾಲಿನ ಬೆಲೆಯು ಲೀಟರಿಗೆ ೪ ರೂಪಾಯಿ ಏರಿದಾಗ ನಮ್ಮ ಬಡಾವಣೆಗಳಲ್ಲಿ ಕೇಳಿಬಂದ ಕೂಗು ಸಣ್ಣದಲ್ಲ. ಬಡವರಿಗೆ ಅದು ಭಾರವೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ನಾವು ಕೊಟ್ಟ ರೂಪಾಯಿಯಲ್ಲಿ ಕರೆದವರಿಗೆಷ್ಟು, ಹಿಂಡಿ ಬೂಸಾಗಳ ಬೆಲೆ ಏರಿದುದೆಷ್ಟು ಎಂದು ಕೇಳಿ ಆಮೇಲೆ ಕೂಗಿದ್ದರೆ ಅದು ನ್ಯಾಯವಾಗುತ್ತಿತ್ತು. ಎರಡು ಪಕ್ಷಗಳ ವಾದವನ್ನೂ ಕೇಳದೆ ತೀರ್ಪು ಕೊಡುವುದು ಯಾವ ನ್ಯಾಯಸ್ಥಾನದಲ್ಲಿಯೂ ಸಲ್ಲದು. ೨೦೨೩ರ ಏಪ್ರಿಲಿನಲ್ಲಿ ಹೊರಗಿನ ಹಾಲು ಬೆಂಗಳೂರಿಗೆ ಬರುವುದೆಂಬ ಸುದ್ದಿ ಹಬ್ಬಿದಾಗ ನಂದಿನಿಯು ನಮ್ಮದೆಂದು ಎಲ್ಲರೂ ಎದ್ದು ನಿಂತೆವು. ಆ ಅಭಿಮಾನವು ಸ್ತುತ್ಯವೇ. ಆದರೆ ತಿಳಿವಳಿಕೆಯಿಲ್ಲದ ಅಭಿಮಾನವು ಬೆಲೆ ಏರಿದ ದಿನವೇ ಕರಗಿತಲ್ಲ!

ಇದು ಸರ್ಕಾರದ ಕೆಲಸ, ಮಹಾಮಂಡಳದ ಕೆಲಸ ಎಂದು ಕೆಲವರು ಹೇಳುವರು. ಪಶುವೈದ್ಯರನ್ನು ನೇಮಿಸುವುದು, ಲಸಿಕೆ ಒದಗಿಸುವುದು ಸರ್ಕಾರದ ಕೆಲಸ ಹೌದು. ಅದರಲ್ಲಿ ಕೊರತೆಯಾದರೆ ಗಟ್ಟಿಯಾಗಿ ಕೇಳತಕ್ಕದ್ದು. ಆದರೆ ಕಾಯಿದೆಯೊಂದೇ ಕೊಟ್ಟಿಗೆಯನ್ನು ಕಾಯಲಾರದು. ಗಾಂಧೀಜಿಯವರನ್ನು ನೋಯಿಸಿದ ಆ ಹಿಂಸೆಯನ್ನೇ ನೋಡಿ: ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯ ೧೨ನೆಯ ಕಲಮು ಅದನ್ನೂ, ಹಸುವಿನ ಆರೋಗ್ಯಕ್ಕೆ ಕೇಡಾಗುವಂತೆ ಹಾಲಿಳಿಸಲು ಸೂಜಿಮದ್ದು ಚುಚ್ಚುವುದನ್ನೂ ಅಪರಾಧವೆಂದು ವಿಧಿಸುತ್ತದೆ. ಮುಂಜಾನೆ ನಾಲ್ಕು ಗಂಟೆಗೆ ಕೊಟ್ಟಿಗೆಯಲ್ಲಿ ಯಾವ ಪೊಲೀಸಿನವನು ನಿಂತಿರುತ್ತಾನೆ? ಅಲ್ಲಿರುವುದು ಸಾಕುವವರ ತಿಳಿವಳಿಕೆ. ಅದಕ್ಕೆ ಬೆಂಬಲವಾಗಿ ಕೊಳ್ಳುವವರ ಎಚ್ಚರ.

ಆದಕಾರಣ ಉಪಾಧ್ಯಾಯರಲ್ಲಿಯೂ ನಗರದ ಮಹನೀಯರಲ್ಲಿಯೂ ನಾವು ಕೆಲವು ಸುಲಭವಾದ ಕಾರ್ಯಗಳನ್ನು ಬೇಡುತ್ತೇವೆ. ೨೦೧೩ರ ಆಗಸ್ಟ್ ೧ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಿಂದ ಸರ್ಕಾರಿ ಶಾಲೆಯ ಮಕ್ಕಳ ಕೈಗೆ ೧೫೦ ಮಿಲಿಲೀಟರು ಹಾಲು ಬಂದಿತು. ಲೋಟವನ್ನು ಕೊಟ್ಟ ಶಾಲೆಯು ಪಾಠವನ್ನೂ ಕೊಡಲಿ. ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ಆನೇಕಲ್ಲಿನ ಕಡೆಯ ಒಂದು ಹಳ್ಳಿಯ ಡೇರಿಗೆ ಬೆಳಗಿನ ಹೊತ್ತು ಕರೆದೊಯ್ಯಿರಿ. ಹಾಲಿನ ಜಿಡ್ಡನ್ನು ಹೇಗೆ ಅಳೆಯುತ್ತಾರೆಂದು ಅವರು ಕಣ್ಣಾರೆ ಕಾಣಲಿ; ಹಾಲು ಹಾಕಲು ಬಂದ ತಾಯಂದಿರನ್ನು ಅವರೇ ಪ್ರಶ್ನೆ ಕೇಳಲಿ. ಲೆಕ್ಕದ ಪಾಠಕ್ಕೆ ಆ ಚೀಟಿಗಿಂತ ಒಳ್ಳೆಯ ಪುಸ್ತಕ ಬೇಕಿಲ್ಲ. ಜಯನಗರ, ಬನಶಂಕರಿಗಳ ವಾಚನಾಲಯಗಳಲ್ಲಿ ತಿಂಗಳಿಗೊಂದು ಸಂಜೆ ಪಶುವೈದ್ಯರಿಂದಲೋ ಆಡುಗೋಡಿಯ ವಿದ್ವಾಂಸರಿಂದಲೋ ಕನ್ನಡದಲ್ಲಿ ಉಪನ್ಯಾಸ ಮಾಡಿಸಿರಿ. ಊರೊಳಗೆ ಇನ್ನೂ ಹಸು ಕಟ್ಟಿರುವ ನೆರೆಯವರನ್ನು ಅದಕ್ಕೆ ಗೌರವದಿಂದ ಆಹ್ವಾನಿಸಿರಿ. ವಿದ್ಯಾವಂತರು ತಮ್ಮ ಸ್ವಂತ ಹಳ್ಳಿಗಳಿಗೆ ಹೋದಾಗ ಹಾಲಿನ ಸಂಘದ ಮಹಾಸಭೆಯಲ್ಲಿ ಕುಳಿತು ಲೆಕ್ಕಪತ್ರಗಳನ್ನು ಓದಿ ಹೇಳಿರಿ. ಹಸುವಿನ ಹತ್ತಿರ ದುಡಿಯುವವಳು ಹೆಂಗಸು, ಸಂಘದ ಪುಸ್ತಕದಲ್ಲಿರುವುದು ಗಂಡಸಿನ ಹೆಸರು ಎಂಬ ಸ್ಥಿತಿಯು ಅನೇಕ ಕಡೆಗಳಲ್ಲಿದೆ. ಅವಳೂ ಸದಸ್ಯಳಾಗಲೆಂದು ಹೇಳಿರಿ. ಕೊನೆಯದಾಗಿ, ಅಡಿಗೆಮನೆಯ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟುಕಟ್ಟಿ ಬೀದಿಯ ಮೂಲೆಗೆ ಎಸೆಯುವುದನ್ನು ಇಂದೇ ನಿಲ್ಲಿಸಿರಿ. ಗಂಟು ಬಿಚ್ಚಲು ಹಸುವಿಗೆ ಕೈಯಿಲ್ಲ.

ಪ್ರತಿ ವರ್ಷವೂ ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ಕೂಡುತ್ತದೆ. ರೈತರು ಮೊದಲ ಬೆಳೆಯನ್ನು ಬಸವಣ್ಣನಿಗೆ ಅರ್ಪಿಸುತ್ತಾರೆ. ನಾವೂ ಸಾಲಿನಲ್ಲಿ ನಿಂತು ಆ ದೊಡ್ಡ ಕಲ್ಲಿನ ಬಸವನಿಗೆ ಕೈಮುಗಿದು, ಒಂದು ಸೇರು ಕಡಲೆಕಾಯಿ ಕೊಂಡು ಮನೆಗೆ ಬರುತ್ತೇವೆ. ಹಿಂದಿನ ಬೀದಿಯಲ್ಲಿ ಜೀವವಿರುವ ಹಸುವೊಂದು ನಮ್ಮ ಮನೆಯ ಕಸದ ಚೀಲವನ್ನು ಅಗಿಯುತ್ತಿರುತ್ತದೆ. ಕೈಮುಗಿಯುವುದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಮುಗಿದ ಕೈಗಳು ಆಮೇಲೆ ಆ ಚೀಲವನ್ನು ಎತ್ತಲಿ, ಒಂದು ಪುಸ್ತಕವನ್ನು ತೆರೆಯಲಿ, ಒಂದು ಶಾಲೆಯ ಮಕ್ಕಳನ್ನು ಡೇರಿಯವರೆಗೆ ನಡೆಸಲಿ. ಸಾಬರಮತಿಯ ರೈತನು ಐವತ್ತೇಳನೆಯ ವಯಸ್ಸಿನಲ್ಲಿ ಕಲಿಯಲು ನಾಚಲಿಲ್ಲ, ನಮಗೇತರ ನಾಚಿಕೆ?