ವಾರಕ್ಕೊಂದು ಪಾರಾಯಣ

ಯೆಹೂದ್ಯರು ತಮ್ಮ ಧರ್ಮಗ್ರಂಥವಾದ ತೋರಾವನ್ನು 54 ಭಾಗಗಳಾಗಿ ವಿಂಗಡಿಸಿ, ವರ್ಷಕ್ಕೊಮ್ಮೆ ಅದರ ಪಾರಾಯಣವನ್ನು ಪೂರೈಸುತ್ತಾರೆ. ಪ್ರತಿ ಶನಿವಾರ ಬೆಳಿಗ್ಗೆ ಪ್ರಾರ್ಥನಾಮಂದಿರದಲ್ಲಿ ಆ ವಾರದ ಭಾಗವನ್ನು ಚರ್ಮದ ಸುರುಳಿಯಿಂದ ಓದುವರು. ಸಿಮ್ಹತ್ ತೋರಾ ಹಬ್ಬದಂದು ಕೊನೆಯ ಭಾಗ ಮುಗಿದೊಡನೆಯೇ ಮೊದಲನೆಯದು ಆರಂಭ.

ಇಲ್ಲಿ ಓದುವವನಿಗೆ ಆಯ್ಕೆಯಿಲ್ಲ. ನಾವಾದರೋ ಹಿತವಾದುದನ್ನೇ ಮತ್ತೆ ಮತ್ತೆ ಓದುತ್ತೇವೆ. ಚುಚ್ಚುವ ಮಾತು ಬಂದರೆ ಪುಟ ಮಗುಚುತ್ತೇವೆ. ಆತ್ಮೋನ್ನತಿಗೆ ಈ ಅನುಕೂಲವೇ ಅಡ್ಡಿಯೆಂದು ನಮಗೆ ತೋರುತ್ತದೆ.

'ಲೇಖ್ ಲೆಖಾ' ಎಂಬ ಭಾಗದಲ್ಲಿ ಅಬ್ರಹಾಮನಿಗೆ ತಂದೆಯ ಮನೆಯನ್ನು ತೊರೆದು ಹೊರಡುವಂತೆ ದೇವರ ಅಪ್ಪಣೆಯಾಗುತ್ತದೆ. ಆ ಹೀಬ್ರೂ ಪದಗಳಿಗೆ 'ನಿನ್ನೆಡೆಗೆ ನೀನು ಹೋಗು' ಎಂಬ ಅರ್ಥವನ್ನೂ ಹೇಳುವುದುಂಟು. 11ನೇ ಶತಮಾನದ ಫ್ರಾನ್ಸಿನ ಭಾಷ್ಯಕಾರ ರಾಶಿ 'ನಿನ್ನ ಹಿತಕ್ಕಾಗಿ' ಎಂದು ಬಿಡಿಸಿದನು. ಹಿತವೇನೋ ಸರಿ. ಆದರೆ ಮರುವಾರ ಅವೇ ಎರಡು ಪದಗಳು ಮರಳುತ್ತವೆ. ಈ ಸಲ ಮಗ ಇಸಾಕನನ್ನು ಬಲಿಗೆ ಕರೆದೊಯ್ಯೆಂಬ ಆಜ್ಞೆ! ಕೊನೆಗೆ ಮಗನೇನೋ ಉಳಿಯುತ್ತಾನೆ. ಬಾಲ್ಯದಲ್ಲಿ ಇದನ್ನು ಮಗನಾಗಿ ಕೇಳಿದವನು ಮುಂದೆ ತಂದೆಯಾಗಿ ಕೇಳಬೇಕು. ಮಕ್ಕಳನ್ನು ಕಳೆದುಕೊಂಡವರೂ ಆ ಶನಿವಾರ ಅಲ್ಲಿ ಕುಳಿತಿರಬಹುದು. ಅವರಿಗಾಗಿ ಪಾರಾಯಣ ನಿಲ್ಲದು. ಅದರ ಮುಂದಿನ ವಾರದ ಭಾಗ ಅಬ್ರಹಾಮನ ಮಡದಿ ಸಾರಳ ಮರಣದಿಂದ, ಆ ಮುದುಕನ ಅಳುವಿನಿಂದ ಮೊದಲಾಗುತ್ತದೆ.