ಬೆಳೆ ರಕ್ಷಣೆಗೆ ಹಗುರ ರೈಫಲ್: ಕೊಳ್ಳುವ ಮುನ್ನ ರೋಣ ಭಾಗದ ರೈತರು ಪರಿಶೀಲಿಸಬೇಕಾದ ಸಂಗತಿಗಳು



ಈ ಹಿಂಗಾರಿನಲ್ಲಿ ರೋಣ ತಾಲೂಕಿನ ಅಸೂಟಿಯ ಹೊಲವೊಂದರ ಬದುವಿನ ಮೇಲೆ ನಿಂತು ಕಡಲೆಯ ಸೊರಗು ರೋಗದ ಬಗ್ಗೆ ಮಾತನಾಡುತ್ತಿದ್ದಾಗ, ಯುವ ರೈತರೊಬ್ಬರು ತಮ್ಮ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಪರದೆಯ ಮೇಲೆ ದುರ್ಬೀನು ಅಳವಡಿಸಿದ, ಮೂರು ಕಿಲೋಗಿಂತ ಕಡಿಮೆ ತೂಕದ ವಿದೇಶಿ ಬೋಲ್ಟ್ ಆ್ಯಕ್ಷನ್ ರೈಫಲ್‌ನ ಚಿತ್ರವಿತ್ತು. "ಸರ್, ಇದು ಭಾಳ ಹಗೂರ ಐತಿ. ಹಂದಿ, ಚಿಗರಿ ಕಾಟಕ್ಕ ಇದರ ಲೈಸೆನ್ಸ್ ಸಿಗತೈತೇನ್ರಿ?" ಎಂದು ಕೇಳಿದರು. ನಾನು ಬೇಸಾಯಶಾಸ್ತ್ರದವನು, ಬಂದೂಕಿನ ತಜ್ಞನಲ್ಲ. ಆದರೂ ಇದೇ ಪ್ರಶ್ನೆಯನ್ನು ನರಗುಂದ, ಗಜೇಂದ್ರಗಡ ಭಾಗದ ರೈತರೂ ಕೇಳತೊಡಗಿರುವುದರಿಂದ ಮತ್ತು ಉತ್ತರದ ಅರ್ಧಭಾಗ ಕಾನೂನಿನಲ್ಲಿದ್ದರೆ ಉಳಿದರ್ಧ ನಮ್ಮ ಎರೆಮಣ್ಣಿನ ಹೊಲದಲ್ಲೇ ಇರುವುದರಿಂದ, ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಪರವಾನಗಿ ಯಾವುದಕ್ಕೆ ದೊರೆಯುತ್ತದೆ?

1959ರ ಶಸ್ತ್ರಾಸ್ತ್ರ ಅಧಿನಿಯಮದ 13ನೇ ಪ್ರಕರಣವು ಬೆಳೆ ರಕ್ಷಣೆಯನ್ನು ಹೆಸರಿಸಿಯೇ ಹೇಳುತ್ತದೆ. ನೈಜವಾದ ಬೆಳೆ ರಕ್ಷಣೆಗಾಗಿ ಅದು ಸೂಚಿಸುವ ಆಯುಧ ಒಂದೇ: ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು, ಅಂದರೆ ಮಲೆನಾಡಿನವರು ಕೇಪಿನ ಕೋವಿ ಎನ್ನುವಂಥದ್ದು. ಅದು ಸಾಲದೆಂದು ಪರವಾನಗಿ ಪ್ರಾಧಿಕಾರಕ್ಕೆ ಮನವರಿಕೆಯಾದರೆ, 20 ಅಂಗುಲಕ್ಕಿಂತ ಕಡಿಮೆಯಿಲ್ಲದ ನಳಿಗೆಯುಳ್ಳ ನಯವಾದ ಒಳಮೈಯ ಬಂದೂಕಿಗೆ, ಉದಾಹರಣೆಗೆ 12 ಬೋರಿನ ಒಂಟಿ ಅಥವಾ ಜೋಡು ನಳಿಗೆಯದಕ್ಕೆ, ಅನುಮತಿ ನೀಡಬಹುದು. ನಳಿಗೆಯೊಳಗೆ ಸುರುಳಿ ಗೆರೆಗಳಿರುವ ರೈಫಲ್ ಈ ಎರಡೂ ವರ್ಗಕ್ಕೆ ಸೇರುವುದಿಲ್ಲ. ಅದಕ್ಕೆ ಸಕಾರಣವನ್ನು ಬೇರೆಯಾಗಿಯೇ ತೋರಿಸಬೇಕಾಗುತ್ತದೆ. 'ಬೆಳೆ ಉಳಿಸಿಕೊಳ್ಳಲು ರೈಫಲ್ ಬೇಕು' ಎಂಬ ಅರ್ಜಿ ಮೊದಲ ಹೆಜ್ಜೆಯಲ್ಲೇ ದುರ್ಬಲವಾಗಿರುತ್ತದೆ ಎಂಬುದನ್ನು ತಾವು ಗಮನಿಸಬೇಕು.

ನಮ್ಮ ಜಿಲ್ಲೆಯಲ್ಲಿ ಪರವಾನಗಿ ಪ್ರಾಧಿಕಾರವೆಂದರೆ ಜಿಲ್ಲಾ ದಂಡಾಧಿಕಾರಿಗಳು. ಪೊಲೀಸ್ ವರದಿ ತರಿಸಿಕೊಂಡ ನಂತರವೇ ಅವರು ತೀರ್ಮಾನಿಸುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸುರಕ್ಷಿತ ಬಳಕೆಯ ತರಬೇತಿಯೂ ಅಗತ್ಯ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 3 ವರ್ಷದಿಂದ 5 ವರ್ಷಕ್ಕೆ ಏರಿದೆ; ಒಬ್ಬರು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿದಿದೆ. ಪರವಾನಗಿಯಿಲ್ಲದ ಬಂದೂಕು ಮನೆಯಲ್ಲಿ ಸಿಕ್ಕರೆ ಕನಿಷ್ಠ 2 ವರ್ಷದಿಂದ 5 ವರ್ಷದವರೆಗೆ ಸೆರೆವಾಸವಿದೆ. ಅಜ್ಜನ ಕಾಲದ ನಾಡಬಂದೂಕು ಅಟ್ಟದ ಮೇಲೆ ಬಿದ್ದಿದೆ ಎನ್ನುವವರಿಗೂ ಈ ಮಾತು ಅನ್ವಯಿಸುತ್ತದೆ. ಆಯುಧ ಒಪ್ಪಿಸಲು ನಿರಾಕರಿಸಿ 1857ರಲ್ಲಿ ಹಲಗಲಿಯ ಬೇಡರು ಹೋರಾಡಿದ ಸೀಮೆ ನಮ್ಮದು; ಬಂದೂಕಿನ ಮೇಲಿನ ಅಭಿಮಾನ ಇಲ್ಲಿ ಹೊಸದೇನಲ್ಲ. ಆದರೆ ಠಾಣೆಯ ದಾಖಲೆಯಲ್ಲಿ ಅಭಿಮಾನಕ್ಕೆಂದು ಅಂಕಣವಿರುವುದಿಲ್ಲ.

ಕೊಡಗಿನ ಉದಾಹರಣೆಯನ್ನು ಕೆಲವರು ಮುಂದಿಡುತ್ತಾರೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ. 2019ರಲ್ಲಿ ಅದನ್ನು 10 ವರ್ಷಗಳಿಗೆ ಮುಂದುವರಿಸಲಾಯಿತು. ಆ ಸವಲತ್ತಿಗೆ ಚರಿತ್ರೆಯ ಹಿನ್ನೆಲೆಯಿದೆ. ಬೆಳೆ ಹಾನಿಗೂ ಅದಕ್ಕೂ ಸಂಬಂಧವಿಲ್ಲ. ಬಯಲುಸೀಮೆಗೆ ಅದು ಅನ್ವಯಿಸುವುದಿಲ್ಲ.

ಇನ್ನು ಮೊಬೈಲಿನಲ್ಲಿ ಕಾಣುವ ವಿದೇಶಿ ಹಗುರ ರೈಫಲ್‌ಗಳ ವಿಚಾರ. ನೋಂದಾಯಿತ ಹೆಸರಾಂತ ಗುರಿಕಾರರನ್ನು ಬಿಟ್ಟರೆ ಸಾಮಾನ್ಯ ನಾಗರಿಕರು ಅವುಗಳನ್ನು ಆಮದು ಮಾಡಿಕೊಳ್ಳಲು ಅವಕಾಶವಿಲ್ಲ. ದೇಶದೊಳಗೆ ನಾಗರಿಕರಿಗೆ ಬಹುಕಾಲದಿಂದ ಪರಿಚಿತವಾದ ಬೋಲ್ಟ್ ಆ್ಯಕ್ಷನ್ ಎಂದರೆ ಇಚ್ಛಾಪುರದ ರೈಫಲ್ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. ಅದು ಹಗುರವೆಂದು ಹೆಸರಾದದ್ದಲ್ಲ.

ಹಗುರವೆಂದರೆ ಉತ್ತಮವೇ?

ಹಗುರ ರೈಫಲ್ ರೂಪುಗೊಂಡದ್ದು ದಿನಗಟ್ಟಲೆ ಬೆಟ್ಟ ಹತ್ತಿ ಇಳಿಯುವ ಬೇಟೆಗಾರನಿಗಾಗಿ. ನಮ್ಮ ರೈತ ಹೊಲದ ನಡುವಿನ ಅಟ್ಟಣಿಗೆಯ ಮೇಲೆ ಕೂತು ಕಾಯುವವನು; ಅರ್ಧ ಕಿಲೋ ಉಳಿತಾಯದಿಂದ ಅವನಿಗೆ ಲಾಭವಿಲ್ಲ. ನಷ್ಟವಂತೂ ಇದೆ. ಒಂದೇ ತೋಟಾವನ್ನು 3.5 ಕಿಲೋ ತೂಕದ ರೈಫಲ್‌ನಿಂದಲೂ 2.5 ಕಿಲೋ ತೂಕದ ರೈಫಲ್‌ನಿಂದಲೂ ಹಾರಿಸಿದರೆ, ಭುಜಕ್ಕೆ ಬಡಿಯುವ ಒದೆತದ ಶಕ್ತಿ ಹಗುರವಾದದ್ದರಲ್ಲಿ ಸುಮಾರು ಶೇ. 40ರಷ್ಟು ಹೆಚ್ಚು. ಒದೆತಕ್ಕೆ ಹೆದರಿದವನ ಕೈ ಕುದುರೆ ಎಳೆಯುವ ಮೊದಲೇ ಅದುರುತ್ತದೆ, ಗುರಿ ತಪ್ಪುತ್ತದೆ.

ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನ ಮುಖ್ಯ ಆತಂಕ. 12 ಬೋರಿನ ಸಣ್ಣ ಚರೆ ಕೆಲವು ನೂರು ಮೀಟರುಗಳಲ್ಲಿ ಬಲ ಕಳೆದುಕೊಂಡು ಉದುರುತ್ತದೆ. ದೊಡ್ಡ ಬೇಟೆಯ ರೈಫಲ್ ಗುಂಡು ತಡೆಯಿಲ್ಲದಿದ್ದರೆ 3 ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಚಿಕ್ಕದೆಂದು ಭಾವಿಸುವ.22 ಗುಂಡು ಕೂಡ 2 ಕಿಲೋಮೀಟರ್ ದಾಟಬಲ್ಲದು. ಗುಡ್ಡಗಾಡಿನಲ್ಲಿ ಗುಂಡನ್ನು ನುಂಗಲು ಹಿಂದೊಂದು ದಿಬ್ಬವಿರುತ್ತದೆ. ರೋಣದ ಎರೆಬಯಲಿನಲ್ಲಿ ಮೊಣಕಾಲೆತ್ತರದ ಕಡಲೆ, ಅದರಾಚೆ ಬಿಳಿಜೋಳ, ಅದರಾಚೆ ಮತ್ತೊಬ್ಬರ ಹೊಲ. ಹಂದಿ ಬರುವುದು ರಾತ್ರಿ. ಅದೇ ರಾತ್ರಿ ಪಕ್ಕದ ಹೊಲದಲ್ಲಿ ಮತ್ತೊಂದು ಕುಟುಂಬವೂ ಕಾವಲಿಗೆ ಮಲಗಿರುತ್ತದೆ. ಹಂದಿಯೆಂದು ಭ್ರಮಿಸಿ ಮನುಷ್ಯರ ಮೇಲೆ ಗುಂಡು ಹಾರಿದ ಸುದ್ದಿಗಳು ಮಲೆನಾಡಿನಿಂದ ಮತ್ತೆ ಮತ್ತೆ ಬರುತ್ತವೆ. ಆಡ್ಡ ಮರಗಳಿರುವ ಸೀಮೆಯ ಪಾಡೇ ಹೀಗಿದೆ. .22 ರೈಫಲ್ ಸಾಕೆನ್ನುವವರೂ ಇದ್ದಾರೆ. ಅದು ಹಂದಿಯನ್ನು ಕೊಲ್ಲುವುದಕ್ಕಿಂತ ಗಾಯಗೊಳಿಸುವುದೇ ಹೆಚ್ಚು, ಗಾಯಗೊಂಡ ಹಂದಿಯಷ್ಟು ಅಪಾಯಕಾರಿ ಪ್ರಾಣಿ ನಮ್ಮ ಹೊಲಗಳಲ್ಲಿ ಬೇರೊಂದಿಲ್ಲ.

ಬಂದೂಕಿನ ಪರವಾನಗಿ ಬೇಟೆಯ ಅನುಮತಿಯಲ್ಲ

ರೈತರಲ್ಲಿ ಅತಿ ಹೆಚ್ಚು ತಪ್ಪು ಗ್ರಹಿಕೆ ಇರುವುದು ಈ ವಿಷಯದಲ್ಲಿ. ಪರವಾನಗಿಯು ಬಂದೂಕು ಹೊಂದಲು ಮಾತ್ರ ಅವಕಾಶ ಕೊಡುತ್ತದೆ. ಪ್ರಾಣಿಯ ಮೇಲೆ ಅದನ್ನು ಹಾರಿಸಬಹುದೇ ಎಂಬುದನ್ನು ನಿರ್ಧರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮ. 2022ರ ತಿದ್ದುಪಡಿಯಿಂದ ಅದರ ಅನುಸೂಚಿಗಳು ಬದಲಾದವು; 2023ರ ಏಪ್ರಿಲ್ 1ರಿಂದ ಹೊಸ ವ್ಯವಸ್ಥೆ ಜಾರಿಯಲ್ಲಿದೆ. ಕೃಷ್ಣಮೃಗ, ಅಂದರೆ ನಾವು ಚಿಗರಿ ಎನ್ನುವ ಪ್ರಾಣಿ, ಮೊದಲನೆಯ ಅನುಸೂಚಿಯಲ್ಲಿದೆ. ಕಾಡುಹಂದಿ ಎರಡನೆಯದರಲ್ಲಿದೆ.

ವ್ಯತ್ಯಾಸವೇನೆಂದರೆ, 11ನೇ ಪ್ರಕರಣದಡಿ ಎರಡನೆಯ ಅನುಸೂಚಿಯ ಪ್ರಾಣಿಯು ನಿಂತ ಬೆಳೆಗೆ ಅಪಾಯಕಾರಿಯಾಗಿದೆ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗೆ ಮನವರಿಕೆಯಾದರೆ, ಕಾರಣ ನಮೂದಿಸಿದ ಲಿಖಿತ ಆದೇಶದ ಮೂಲಕ ಬೇಟೆಗೆ ಅನುಮತಿ ನೀಡಬಹುದು. ಮೊದಲನೆಯ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಬೆಳೆ ಹಾನಿ ಒಂದು ಕಾರಣವೇ ಅಲ್ಲ. ಚಿಗರಿಯನ್ನು ಕೊಂದರೆ 3ರಿಂದ 7 ವರ್ಷ ಸೆರೆವಾಸ, ಕನಿಷ್ಠ 25,000 ರೂಪಾಯಿ ದಂಡ. ಕೊಲ್ಲುವುದಷ್ಟೇ ಅಲ್ಲ, ಉರುಲು ಹಾಕುವುದು, ವಿಷವಿಡುವುದು, ಅದಕ್ಕೆ ಯತ್ನಿಸುವುದು ಕೂಡ ಕಾನೂನಿನ ಅರ್ಥದಲ್ಲಿ ಬೇಟೆಯೇ. 1998ರ ಕೃಷ್ಣಮೃಗ ಬೇಟೆಯ ಪ್ರಕರಣದಲ್ಲಿ ಜೋಧಪುರದ ನ್ಯಾಯಾಲಯವು 20 ವರ್ಷಗಳ ನಂತರ, 2018ರಲ್ಲಿ, ಹೆಸರಾಂತ ಚಿತ್ರನಟರಿಗೆ 5 ವರ್ಷ ಶಿಕ್ಷೆ ವಿಧಿಸಿದ್ದು ಎಲ್ಲರಿಗೂ ನೆನಪಿದೆ. ಮೇಲ್ಮನವಿ, ವಕೀಲರ ಶುಲ್ಕ, ವರ್ಷಗಟ್ಟಲೆ ಅಲೆದಾಟ: ಐದೆಕರೆಯ ರೈತನಿಗೆ ಇದು ತಾಳಲಾಗದ ಹೊರೆ.

ನೆರೆಯ ಕೇರಳವು 2022ರಲ್ಲಿ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಹಂದಿ ಬೇಟೆಯ ಅನುಮತಿ ನೀಡುವ ಅಧಿಕಾರ ಕೊಟ್ಟಿತು. ಅಲ್ಲಿಯೂ ಗುಂಡು ಹಾರಿಸುವವರು ಪರವಾನಗಿ ಹೊಂದಿದವರೇ ಆಗಿರಬೇಕು. ಇದರಿಂದ ನಾವು ಕಲಿಯಬೇಕಾದದ್ದು ಪ್ರತಿ ಮನೆಗೊಂದು ರೈಫಲ್ ಎಂಬ ಪಾಠವಲ್ಲ. ಗ್ರಾಮಕ್ಕೆ ಹತ್ತಿರವಾದ, ಬೇಗ ತೀರ್ಮಾನಿಸಬಲ್ಲ ಅಧಿಕಾರಿ ಬೇಕೆಂಬುದೇ ಪಾಠ. ನಮ್ಮ ರೈತ ಸಂಘಟನೆಗಳು ಬೇಡಿಕೆ ಇಡುವುದಾದರೆ ಈ ದಿಕ್ಕಿನಲ್ಲಿ ಇಡಲಿ ಎಂಬುದು ನನ್ನ ಸ್ವಂತ ಅಭಿಪ್ರಾಯ.

ಪರವಾನಗಿ ಬೇಡದ ಏರ್‌ಗನ್ ಬಗ್ಗೆಯೂ ಒಂದು ಮಾತು. .177 ಬೋರಿನ, 20 ಜೂಲ್ ಮೀರದ ಏರ್‌ಗನ್‌ಗೆ ಪರವಾನಗಿ ಬೇಡ. ಆದರೆ ಅದರಿಂದ ನವಿಲಿಗೋ ಚಿಗರಿಗೋ ಹೊಡೆದರೆ ಅಪರಾಧ ಅಪರಾಧವೇ. ಪಿವಿಸಿ ಕೊಳವೆಯಲ್ಲಿ ಮಾಡುವ ಕಾರ್ಬೈಡ್ ಗನ್ನಂತೂ ಬೇಡವೇ ಬೇಡ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದರಿಂದ ಅನೇಕ ಮಕ್ಕಳ ಕಣ್ಣಿಗೆ ತೀವ್ರ ಗಾಯಗಳಾದವು.

ಹಾನಿಯನ್ನು ಅಳೆಯುವುದು

2025ರ ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯವು ವನ್ಯಪ್ರಾಣಿಗಳಿಂದಾಗುವ ಬೆಳೆ ಹಾನಿಯನ್ನು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಸ್ಥಳೀಯ ಅಪಾಯಗಳಡಿ ಹೆಚ್ಚುವರಿ ರಕ್ಷಣೆಯಾಗಿ ಸೇರಿಸುವುದಾಗಿ ಪ್ರಕಟಿಸಿತು. 2026ರ ಮುಂಗಾರಿನಿಂದ ಇದು ಅನ್ವಯ. ಹಾನಿಯಾದ 72 ಗಂಟೆಗಳೊಳಗೆ, ಸ್ಥಳದ ಗುರುತಿರುವ ಛಾಯಾಚಿತ್ರಗಳೊಂದಿಗೆ, ಬೆಳೆ ವಿಮೆಯ ಆ್ಯಪ್‌ನಲ್ಲಿ ವರದಿ ಮಾಡಬೇಕು. ಯಾವ ಪ್ರಾಣಿಗಳು, ಯಾವ ಜಿಲ್ಲೆ ಹಾಗೂ ವಿಮಾ ಘಟಕಗಳು ಇದರಡಿ ಬರಬೇಕೆಂಬುದನ್ನು ರಾಜ್ಯಗಳು ಹಿಂದಿನ ಹಾನಿಯ ದಾಖಲೆಗಳ ಆಧಾರದ ಮೇಲೆ ಗುರುತಿಸುತ್ತವೆ.

ಈ ಕೊನೆಯ ವಾಕ್ಯವನ್ನು ದಯವಿಟ್ಟು ಮತ್ತೊಮ್ಮೆ ಓದಿ. ನಮ್ಮ ಭಾಗದಲ್ಲಿ ಚಿಗರಿ ಮೇದರೆ ರೈತರು ಬೈದು ಸುಮ್ಮನಾಗುತ್ತಾರೆ. ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕುವವರು ವಿರಳ. ಅರ್ಜಿ ಇಲ್ಲದಿದ್ದರೆ ಸರ್ಕಾರದ ಕಡತದಲ್ಲಿ ಹಾನಿಯೂ ಇಲ್ಲ. ಪರಿಹಾರದ ಮೊತ್ತ ಚಿಕ್ಕದಾದರೂ ಸರಿ, ಅರಣ್ಯ ಇಲಾಖೆಗೆ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆದುಕೊಳ್ಳಿ. ಹೊಲದಲ್ಲಿ ಇರುವ ಬೆಳೆ ಮತ್ತು ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ ಒಂದೇ ಆಗಿರಲಿ. ಕಡಲೆ ಬಿತ್ತಿ, ಸಮೀಕ್ಷೆಯಲ್ಲಿ ಜೋಳವೆಂದಿದ್ದರೆ ಯಾವ ವಿಮೆಯೂ ನಿಲ್ಲುವುದಿಲ್ಲ.

ಹಾನಿಯನ್ನು ಅಂದಾಜಿಸುವಾಗ ಬೆಳೆಯ ಹಂತ ಮುಖ್ಯ. ಬಿತ್ತಿದ 30ರಿಂದ 40 ದಿನಗಳಲ್ಲಿ ಕಡಲೆಯ ಕುಡಿಯನ್ನು ನಾವೇ ಚಿವುಟಲು ಹೇಳುತ್ತೇವೆ. ಕವಲು ಹೆಚ್ಚಲಿ ಎಂಬ ಉದ್ದೇಶದಿಂದ. ಆ ಹಂತದಲ್ಲಿ ಚಿಗರಿ ತುದಿ ಮೇದರೆ, ಹಸಿ ಇದ್ದರೆ, ಗಿಡ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಗಿಡ ಬುಡಸಹಿತ ಕಿತ್ತುಬಂದಿದ್ದರೆ ಅಥವಾ ಹೂ, ಕಾಯಿ ಹಂತದಲ್ಲಿ ಮೇಯ್ದಿದ್ದರೆ ಆ ನಷ್ಟ ಮರಳಿ ಬಾರದು. ಹೆಜ್ಜೆಗುರುತು ಕಂಡಲ್ಲೆಲ್ಲ ಬೆಳೆ ಹೋಯಿತೆಂದು ಬರೆದರೆ ಪರಿಶೀಲನೆಗೆ ಬಂದವರು ಇಡೀ ಅರ್ಜಿಯನ್ನೇ ನಂಬದಿರಬಹುದು. ಹೊಲದ 10 ಕಡೆ ಒಂದು ಮೀಟರ್ ಚೌಕ ಗುರುತಿಸಿ, ಒಟ್ಟು ಗಿಡ ಮತ್ತು ಹಾನಿಯಾದ ಗಿಡ ಎಣಿಸಿ ಬರೆಯಿರಿ. ಒಂದು ಗಂಟೆಯ ಕೆಲಸ.

ತಡೆಯುವ ಬಗೆ

ಬದುವಿನ ಸುತ್ತ ನಾಲ್ಕು ಸಾಲು ಮುಳ್ಳಿನ ಕುಸುಬೆ ಬಿತ್ತುವುದು ನಮ್ಮ ಹಿರಿಯರ ಅಕ್ಕಡಿಯ ಕ್ರಮ. ಈಚೆಗೆ ಕೊಯ್ಲಿಗೆ ಸುಲಭವೆಂದು ಮುಳ್ಳಿಲ್ಲದ ತಳಿಯನ್ನು ಅಂಚಿಗೂ ಬಿತ್ತುವುದನ್ನು ಕಾಣುತ್ತೇನೆ. ಅಂಚಿಗೆ ಮುಳ್ಳಿನದೇ ಬೇಕು. ಎಳೆಯ ಕುಸುಬೆಗೆ ಮುಳ್ಳು ಗಟ್ಟಿಯಾಗಿರದ ಕಾರಣ ಮೊದಲ ತಿಂಗಳು ಹಳೆಯ ಸೀರೆಗಳ ಬೇಲಿ ಪೂರಕವಾಗಬಲ್ಲದು. ಬೆಳಕು, ಶಬ್ದದ ಸಾಧನಗಳಿಗೆ ಪ್ರಾಣಿಗಳು ಬೇಗ ಒಗ್ಗಿಕೊಳ್ಳುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಜಾಗವನ್ನೂ ಬಗೆಯನ್ನೂ ಬದಲಿಸಬೇಕು. ಹಂದಿ ಓಡಿಸಲು ಬದುವಿಗೆ ಫೋರೇಟ್ ಇಡುವ ಅಭ್ಯಾಸ ಇನ್ನೂ ಕೆಲವೆಡೆ ಇದೆಯೆಂದು ಕೇಳುತ್ತೇನೆ. ಫೋರೇಟ್ 2020ರ ಡಿಸೆಂಬರ್ ಅಂತ್ಯದಿಂದ ದೇಶದಲ್ಲಿ ನಿಷೇಧಿತ.

ಹಗಲಿನಲ್ಲಿ ಹಂದಿಗಳು ಅಡಗುವುದು ಹಳ್ಳದ ಸಾಲಿನ ಬಳ್ಳಾರಿ ಜಾಲಿಯ ಪೊದೆಗಳಲ್ಲಿ. ಒಬ್ಬರು ತಮ್ಮ ಹೊಲದ ಅಂಚನ್ನಷ್ಟೇ ಸವರಿದರೆ ಹಿಂಡು ಪಕ್ಕದ ಪೊದೆಗೆ ಸರಿಯುತ್ತದೆ. ಹಳ್ಳದುದ್ದಕ್ಕೂ ಹೊಲವಿರುವವರು ಕೂಡಿ, ಪಂಚಾಯಿತಿಯ ಮೂಲಕ, ಬಿತ್ತನೆಗೆ ಮುನ್ನ ಮಾಡಬೇಕಾದ ಕೆಲಸವಿದು.

ಸೌರ ಬೇಲಿ ಹಾಕಿಸುವವರು ಎರೆಮಣ್ಣಿನ ಸ್ವಭಾವವನ್ನು ಮರೆಯಬಾರದು. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಈ ಮಣ್ಣಿನಲ್ಲಿ ಕಂಬಗಳು ವಾಲಿ ತಂತಿ ಸಡಿಲಾಗುತ್ತದೆ. ಜನವರಿಯ ಹೊತ್ತಿಗೆ ಮೇಲ್ಪದರ ಒಣಗಿ ಬಿರುಕು ಬಿಟ್ಟಾಗ ನೆಲ ಸಂಪರ್ಕ ದುರ್ಬಲವಾಗಿ ಝಟಕಾ ತಗ್ಗುತ್ತದೆ. ಕಡಲೆ ಕಾಯಿಕಟ್ಟುವುದೂ ಅದೇ ಸಮಯ. ಆದ್ದರಿಂದ ಭೂಸಂಪರ್ಕದ ಸರಳನ್ನು ಹಸಿ ಸಿಗುವ ಆಳಕ್ಕೆ ಇಳಿಸಿ, ತಂತಿಗಳಲ್ಲಿ ಒಂದು ಬಿಟ್ಟು ಒಂದನ್ನು ಭೂಸಂಪರ್ಕಕ್ಕೆ ಜೋಡಿಸುವಂತೆ ಅಳವಡಿಸುವವರಿಗೆ ಹೇಳಿ. ಹಂದಿಗಾಗಿ ಕೆಳಗಿನ ತಂತಿ ನೆಲದಿಂದ ಒಂದು ಗೇಣು ಎತ್ತರದಲ್ಲಿರಲಿ, ಅದಕ್ಕೆ ಕಳೆ ತಾಗದಿರಲಿ. ಸೌರ ಬೇಲಿಯ ಝಟಕಾ ಕ್ಷಣಾರ್ಧದ್ದು. ಕಂಬದಿಂದ ನೇರವಾಗಿ ಎಳೆದ ವಿದ್ಯುತ್ತು ಹಾಗಲ್ಲ. ಅದು ಹಂದಿಯನ್ನೂ ಕೊಲ್ಲುತ್ತದೆ, ಮುಂಜಾನೆ ನೀರು ತಿರುವಲು ಬಂದ ಮಗನನ್ನೂ ಕೊಲ್ಲುತ್ತದೆ.

ಇಷ್ಟಾದ ಮೇಲೂ ಹಂದಿಯ ಕಾಟ ನಿಲ್ಲದ ಊರುಗಳಲ್ಲಿ, ಒಬ್ಬರೋ ಇಬ್ಬರೋ ಜವಾಬ್ದಾರಿಯುತ ರೈತರು 12 ಬೋರಿನ ಬಂದೂಕಿಗೆ ಅರ್ಜಿ ಹಾಕುವುದನ್ನು ನಾನು ವಿರೋಧಿಸುವುದಿಲ್ಲ. ಪಹಣಿ, ಅರಣ್ಯ ಇಲಾಖೆಗೆ ಸಲ್ಲಿಸಿದ ಹಾನಿ ಅರ್ಜಿಗಳ ಸ್ವೀಕೃತಿ ಮತ್ತು ಛಾಯಾಚಿತ್ರಗಳನ್ನು ಲಗತ್ತಿಸಿದರೆ ಅರ್ಜಿಗೆ ಬಲ ಬರುತ್ತದೆ. ಬೀಗವಿರುವ ಕಬ್ಬಿಣದ ಕಪಾಟು ಮನೆಯಲ್ಲಿರಲಿ, ತೋಟಾಗಳನ್ನು ಬೇರೆಡೆ ಇಡಿ. ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಗಿ ಬರಬಹುದೆಂಬುದೂ ಲೆಕ್ಕದಲ್ಲಿರಲಿ.

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ಮನವಿ. ರೈತ ಸಂಪರ್ಕ ಕೇಂದ್ರದಲ್ಲಿ ಈ ಹಂಗಾಮಿನಿಂದಲೇ ಒಂದು ಪುಸ್ತಕ ತೆರೆಯಿರಿ: ಊರು, ಸರ್ವೆ ನಂಬರ್, ಬೆಳೆ ಮತ್ತು ಅದರ ಹಂತ, ಪ್ರಾಣಿ, ದಿನಾಂಕ, ಹಾನಿಯಾದ ವಿಸ್ತೀರ್ಣ, ಅರಣ್ಯ ಇಲಾಖೆಗೆ ಅರ್ಜಿ ಹೋಗಿದೆಯೇ. ಅಸೂಟಿಯ ಆ ಯುವ ರೈತರಿಗೆ ಮೊಬೈಲ್ ಮರಳಿಸುವಾಗ ನಾನು ಮೊದಲು ತೆಗೆಸಿದ್ದು ಕಿತ್ತುಹೋದ ಕಡಲೆ ಸಾಲಿನ ನಾಲ್ಕು ಚಿತ್ರಗಳನ್ನು, ಸ್ಥಳದ ಗುರುತು ಚಾಲೂ ಮಾಡಿ.