ಮಧುಗಿರಿ ಸೀಮೆಯ ಮಗುವಿನ ಕೈಗೆ ಗಾಲ್ಫ್ ಕೋಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಶಾಲಾ ಕ್ರೀಡಾಕೂಟ ಎಂದರೆ ಖೋಖೋ, ಕಬಡ್ಡಿ, ವಾಲಿಬಾಲ್, ಥ್ರೋಬಾಲ್, ಓಟ, ಉದ್ದಜಿಗಿತ. ಸಂಜೆಯಾದರೆ ಮೈದಾನದ ತುಂಬ ಟೆನಿಸ್ ಬಾಲ್ ಕ್ರಿಕೆಟ್. ಹುಲ್ಲು ಹಾಸಿದ ಗಾಲ್ಫ್ ಅಂಗಳ ಈ ನಾಲ್ಕೂ ಕಡೆ ಇಲ್ಲ. ಹೀಗಿರುವಾಗ ಆರು ವರ್ಷದ ಮಗಳು ಮೊಬೈಲಿನಲ್ಲಿ ಅದಿತಿ ಅಶೋಕ್ ಆಟ ನೋಡಿ ‘ನಂಗೂ ಅಂಥ ಕೋಲು ಕೊಡ್ಸಪ್ಪ’ ಎಂದರೆ? ‘ಅದು ದುಡ್ಡಿರೋರ ಆಟ ಕಣಮ್ಮ, ಸುಮ್ನಿರು’ ಎನ್ನುವ ಮನೆಗಳೇ ಹೆಚ್ಚು. ಶನಿವಾರವೇ ಬೆಂಗಳೂರಿಗೆ ಹೋಗಿ ಅಕಾಡೆಮಿ ವಿಚಾರಿಸಿಕೊಂಡು ಬರುವ ಮನೆಗಳೂ ಈಗ ಇಲ್ಲದಿಲ್ಲ. ನನಗೆ ಎರಡೂ ಆತುರದ ಉತ್ತರವಾಗಿ ಕಾಣುತ್ತವೆ. ಆದರೆ ಎರಡರ ಹಿಂದೆಯೂ ತೂಕದ ಕಾರಣಗಳಿವೆ.

ಅಕಾಡೆಮಿಯ ಕಡೆ ವಾಲುವವರು ಮೊದಲು ತೋರಿಸುವುದು ಅದಿತಿಯನ್ನೇ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈಕೆಯ ಮನೆಯಲ್ಲಿ ಯಾರೂ ಗಾಲ್ಫ್ ಆಡುತ್ತಿರಲಿಲ್ಲ. ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಳ ಕಾಣುವ ಹೋಟೆಲಿನಲ್ಲಿ ತಿಂಡಿ ತಿನ್ನುವಾಗ ಐದೂವರೆ ವರ್ಷದ ಹುಡುಗಿ ‘ಅದೇನು’ ಎಂದು ಕೇಳಿದಳು, ಅಪ್ಪ ಅಮ್ಮ ಕರೆದೊಯ್ದು ತೋರಿಸಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ, 112 ವರ್ಷಗಳ ನಂತರ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿದಾಗ, 18ರ ಅದಿತಿ ಆಡಿದಳು. ಕೋಲಿನ ಚೀಲ ಹೊತ್ತವರು ಅಪ್ಪ. ಟೋಕಿಯೊದಲ್ಲಿ ಹೊತ್ತವರು ಅಮ್ಮ. 2021ರ ಆಗಸ್ಟ್ 7ರ ಶನಿವಾರ ಬೆಳಿಗ್ಗೆ, ಗಾಲ್ಫಿನ ಗಂಧವೂ ಇಲ್ಲದ ಎಷ್ಟೋ ಮನೆಗಳಲ್ಲಿ ಕಾಫಿ ಲೋಟ ಕೈಯಲ್ಲಿ ಹಿಡಿದು ಜನ ಟಿ.ವಿ. ಮುಂದೆ ಕೂತಿದ್ದರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೇ ಸ್ಥಾನ ಬಂತು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದ ಭಾರತದ ಮಹಿಳಾ ತಂಡದ ಮೂವರೂ ಕರ್ನಾಟಕದವರು: ಅದಿತಿ, ಬೆಂಗಳೂರಿನ ಅವನಿ ಪ್ರಶಾಂತ್, ಮೈಸೂರಿನ ಪ್ರಣವಿ ಅರಸ್. ಖೋಖೋ ಬಿಟ್ಟರೆ ಬೇರೆ ಯಾವ ಆಟದಲ್ಲಿ ನಮ್ಮ ಹೆಣ್ಣುಮಕ್ಕಳ ಪಾಲು ಇಷ್ಟು ದೊಡ್ಡದು ಎಂದು ಯೋಚಿಸಿದರೆ ಹೆಸರು ಬೇಗ ಹೊಳೆಯುವುದಿಲ್ಲ.

‘ಅವರೆಲ್ಲ ಪೇಟೆಯವರು’ ಎಂಬ ಆಕ್ಷೇಪಕ್ಕೂ ಅವರ ಬಳಿ ಉತ್ತರವಿದೆ: ಚಿಕ್ಕರಂಗಪ್ಪ. ಬಿಡದಿ ಬಳಿಯ ಈಗಲ್‌ಟನ್ ಗಾಲ್ಫ್ ರೆಸಾರ್ಟಿಗೆ ಅಂಟಿಕೊಂಡ ಹಳ್ಳಿಯ ಬಡ ಮನೆಯ ಹುಡುಗ. ಅಂಗಳದ ಒಳಹೊಕ್ಕು ಆಟ ಕಂಡ, ತರಬೇತುದಾರ ವಿಜಯ್ ದಿವೇಚಾ ಕಣ್ಣಿಗೆ ಬಿದ್ದ, 2010ರಲ್ಲಿ ಅಖಿಲ ಭಾರತ ಅಮೆಚೂರ್ ಪ್ರಶಸ್ತಿ ಗೆದ್ದ, ಮುಂದೆ ವೃತ್ತಿಪರ ಆಟಗಾರನಾದ. ಹೆಸರಾಂತ ಗಾಲ್ಫ್ ಆಟಗಾರ ಅನಿರ್ಬನ್ ಲಾಹಿರಿ ಕಲಿತದ್ದೂ ಅದೇ ಗುರುವಿನ ಹತ್ತಿರ.

ಈ ಕಥೆಗಳು ನಿಜ, ದೊಡ್ಡವು ಕೂಡ. ಆದರೆ ಒಂದು ಸಂಗತಿಯನ್ನು ಪಕ್ಕಕ್ಕಿಟ್ಟು ನೋಡುವಂತಿಲ್ಲ. ಅದಿತಿಯ ತಿಂಡಿ ತಟ್ಟೆಯಿಂದ ಅಂಗಳ ಕಾಣುತ್ತಿತ್ತು. ಚಿಕ್ಕರಂಗಪ್ಪನ ಹಳ್ಳಿಗೂ ಅಂಗಳಕ್ಕೂ ನಡುವೆ ಒಂದು ಗೋಡೆಯಷ್ಟೇ. ಪ್ರಣವಿಯ ಊರು ಮೈಸೂರಿನಲ್ಲಿ ರೇಸ್ ಕೋರ್ಸ್ ಆವರಣದಲ್ಲೇ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿದೆ. ಪ್ರತಿಭೆ ಎಲ್ಲಿ ಬೇಕಾದರೂ ಹುಟ್ಟಬಹುದು, ಆದರೆ ಅದು ಚಿಗುರಿದ್ದು ಅಂಗಳದ ಮಗ್ಗುಲಲ್ಲೇ. ಕೊರಟಗೆರೆಯಿಂದ ಬೆಂಗಳೂರಿಗೆ ಎಂಬತ್ತು ಕಿ.ಮೀ.ಗೂ ಮೇಲೆ, ಮಧುಗಿರಿಯಿಂದ ನೂರರ ಆಸುಪಾಸು, ಶಿರಾದಿಂದ ನೂರಿಪ್ಪತ್ತು, ಪಾವಗಡದಿಂದ ನೂರೈವತ್ತರ ಹತ್ತಿರ. ಬಸ್ಸಿನಲ್ಲಿ ಯಶವಂತಪುರ ಮುಟ್ಟಿದ ಮೇಲೂ ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಳ ಊರಿನ ಆ ತುದಿಯಲ್ಲಿ, ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿದೆ. ಅರಮನೆ ಮೈದಾನದ ದಿಕ್ಕಿನ ಹೈಗ್ರೌಂಡ್ಸ್‌ನಲ್ಲಿ 1876ರ ಬೆಂಗಳೂರು ಗಾಲ್ಫ್ ಕ್ಲಬ್ ಹತ್ತಿರವೇನೋ ಹೌದು. ಅಲ್ಲಿ ದೂರವಿರುವುದು ಸದಸ್ಯತ್ವ. ವಾರಕ್ಕೊಮ್ಮೆ ಆರು ವರ್ಷದ ಮಗುವನ್ನು ಇಷ್ಟು ದೂರ ಎಳೆದೊಯ್ದರೆ ಮಗುವಿನ ನೆನಪಿನಲ್ಲಿ ಉಳಿಯುವುದು ವಾಂತಿಯೇ ಹೊರತು ಆಟವಲ್ಲ.

ಹಾಗಾದರೆ ಅಂಗಳವನ್ನೇ ಇಲ್ಲಿಗೆ ತಂದರೆ? ಆಗಾಗ ಯಾರಾದರೂ ಈ ಮಾತು ಎತ್ತುತ್ತಾರೆ. ಬೆಟ್ಟದ ತಪ್ಪಲಿದೆ, ಬೀಳು ಭೂಮಿಯಿದೆ, ಪ್ರವಾಸೋದ್ಯಮ ಬೆಳೆಯುತ್ತದೆ ಎಂದು. ಇಲ್ಲಿ ಮಾತ್ರ ನಾನು ಯಾವ ತಕ್ಕಡಿಯನ್ನೂ ಹಿಡಿಯುವುದಿಲ್ಲ. 18 ಕುಳಿಗಳ ಅಂಗಳಕ್ಕೆ ನೂರರಿಂದ ನೂರೈವತ್ತು ಎಕರೆ ಬೇಕು, ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಲು ದಿನಕ್ಕೆ ಲಕ್ಷಾಂತರ ಲೀಟರ್ ನೀರು ಬೇಕು. ಪಾವಗಡ ಫ್ಲೋರೈಡ್ ನೀರು ಕುಡಿದು ಹಲ್ಲು ಕಲೆಯಾದವರ ತಾಲ್ಲೂಕು. ಶಿರಾದಲ್ಲಿ ಮದಲೂರು ಕೆರೆಗೆ ಹೇಮಾವತಿ ಹರಿಸುತ್ತೇವೆ ಎಂಬ ಮಾತಿನ ಮೇಲೆಯೇ 2020ರ ಉಪಚುನಾವಣೆ ನಡೆಯಿತು. ಕೊರಟಗೆರೆ ಕಡೆಯ ಬೈರಗೊಂಡ್ಲುವಿನಲ್ಲಿ ಎತ್ತಿನಹೊಳೆ ಜಲಾಶಯಕ್ಕೇ ಜಮೀನು ಬಿಡಲು ರೈತರು ಒಪ್ಪದೆ ವರ್ಷಗಟ್ಟಲೆ ಎಳೆದಾಟವಾಗಿದೆ. ಇಂಥಲ್ಲಿ ಹುಲ್ಲಿಗೆ ನೀರು ಕೇಳುವ ಧೈರ್ಯ ಯಾರಿಗಿದೆ?

ಭೂಮಿಯ ಲೆಕ್ಕವನ್ನು ಮಾತ್ರ ಕುತೂಹಲಕ್ಕೆ ಹಾಕಿ ನೋಡಬಹುದು. ಪಾವಗಡದ ತಿರುಮಣಿ ಸುತ್ತಿನ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಹೋಗಿದೆ. ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಬಾಡಿಗೆ ಶುರುವಾಯಿತು. ಅದೇ ದರದಲ್ಲಿ 150 ಎಕರೆಗೆ ವರ್ಷಕ್ಕೆ 31.5 ಲಕ್ಷ, ನೀರು ಮತ್ತು ಮಾಲಿಗಳ ಖರ್ಚು ಬೇರೆ. ಅದನ್ನು ಕೊಡಬಲ್ಲ ಆಟಗಾರರು ಬರುವುದು ಬೆಂಗಳೂರಿನಿಂದ; ನಮ್ಮ ಮಕ್ಕಳು ಮತ್ತೆ ಗೋಡೆಯ ಆಚೆಗೇ. ಕೆರೆಯ ಸೀಮೆಯವರು ತಿಳಿದಿರಬೇಕಾದ ಇನ್ನೊಂದು ಸಂಗತಿ: ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಳ ಇರುವುದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ.

ಅಂಗಳ ಬೇಡ ಎಂದ ಮಾತ್ರಕ್ಕೆ ಆಟವೇ ಬೇಡ ಎಂದಾಗುವುದಿಲ್ಲ. ಮಗುವಿಗೆ ಈ ಆಟ ಕೊಡುವಂಥದ್ದು ಏನಿದೆ ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದು, ಇದರಲ್ಲಿ ಅಂಪೈರ್ ಇಲ್ಲ. ತನ್ನ ಹೊಡೆತ ತಾನೇ ಎಣಿಸಬೇಕು, ತಪ್ಪಾದರೆ ತಾನೇ ಒಪ್ಪಿಕೊಂಡು ದಂಡದ ಹೊಡೆತ ಸೇರಿಸಿಕೊಳ್ಳಬೇಕು. 1925ರ ಅಮೆರಿಕನ್ ಓಪನ್‌ನಲ್ಲಿ ಬಾಬಿ ಜೋನ್ಸ್ ಬೇರೆ ಯಾರೂ ಕಾಣದಿದ್ದರೂ ‘ನನ್ನ ಚೆಂಡು ಅಲುಗಿತು’ ಎಂದು ಒಂದು ಹೊಡೆತ ತನ್ನ ಮೇಲೆ ಹಾಕಿಕೊಂಡ. ಕೊನೆಗೆ ಸಮಬಲವಾಗಿ, ಮರುಪಂದ್ಯದಲ್ಲಿ ಪ್ರಶಸ್ತಿ ಕೈತಪ್ಪಿತು. ಗಲ್ಲಿ ಕ್ರಿಕೆಟ್ಟಿನಲ್ಲಿ ‘ಔಟು, ಔಟಲ್ಲ’ ಎಂದು ಅರ್ಧ ಸಂಜೆ ಕಳೆಯುವ ಹುಡುಗರಿಗೆ ಇದೊಂದು ಹೊಸ ಅಭ್ಯಾಸ. ಎರಡನೆಯದು, ಎತ್ತರ, ತೂಕ, ಬಲ ಇಲ್ಲಿ ಎಲ್ಲವನ್ನೂ ತೀರ್ಮಾನಿಸುವುದಿಲ್ಲ. ಅಣ್ಣನ ಜೊತೆ ತಂಗಿ, ಮೊಮ್ಮಗಳ ಜೊತೆ ತಾತ ಆಡಬಹುದು. ಶ್ರವಣದೋಷವಿರುವ ದೀಕ್ಷಾ ಡಾಗರ್ ಡೆಫ್ಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು ಒಲಿಂಪಿಕ್ಸ್‌ನಲ್ಲೂ ಆಡಿದ್ದಾರೆ. ತಂಡದ ಆಟದಲ್ಲಿ ಹಿಂದೆ ನಿಲ್ಲುವ ಸಂಕೋಚದ ಮಗುವಿಗೆ ಇದು ಒಗ್ಗಬಹುದು.

ಎದುರು ಮಾತೂ ಇದೆ. ಒಂಟಿಯಾಗಿ ಗೆಲ್ಲುವ ಆಟದಲ್ಲಿ ಸೋಲುವುದೂ ಒಂಟಿಯಾಗಿಯೇ. ಹಾಂಗ್‌ಝೌನಲ್ಲಿ ಕೊನೆಯ ದಿನಕ್ಕೆ ಏಳು ಹೊಡೆತಗಳ ಮುನ್ನಡೆ ಇಟ್ಟುಕೊಂಡು ಹೊರಟ ಅದಿತಿ ಆ ಒಂದೇ ದಿನದಲ್ಲಿ ಅದನ್ನು ಕಳೆದುಕೊಂಡು ಬೆಳ್ಳಿಗೆ ನಿಂತಳು. ಪಳಗಿದವರಿಗೇ ಹಾಗಾದರೆ ಎಂಟು ವರ್ಷದ ಮಗುವಿನ ಹೆಗಲ ಮೇಲೆ ಅದು ಎಷ್ಟು ಭಾರ? ಖೋಖೋದಲ್ಲಿ ಸೋತರೆ ಒಂಬತ್ತು ಜನ ಒಟ್ಟಿಗೆ ಬೈದುಕೊಂಡು ಬಸ್ಸು ಹತ್ತುತ್ತಾರೆ, ಊರು ಬರುವಷ್ಟರಲ್ಲಿ ಹಾಡು ಶುರುವಾಗಿರುತ್ತದೆ. ಪ್ರಾಮಾಣಿಕತೆ ಕಲಿಸುವ ಆಟ ಎಂಬ ಹೊಗಳಿಕೆಗೂ ಒಂದು ಮಿತಿ ಹಾಕಬೇಕು. ಒಬ್ಬ ಆಡುತ್ತಾನೆ, ಇನ್ನೊಬ್ಬ ಬಿಸಿಲಲ್ಲಿ ಅವನ ಚೀಲ ಹೊರುತ್ತಾನೆ. ಇದನ್ನೂ ಕ್ಲಬ್ಬಿನ ಅಂಗಳದಲ್ಲಿ ಮಗು ನೋಡುತ್ತದೆ, ಕಲಿಯುತ್ತದೆ.

ಚಿಕ್ಕಂದಿನಲ್ಲೇ ಶುರುಮಾಡದಿದ್ದರೆ ತಡವಾಯಿತು ಎಂಬ ಭಯ ಬಹಳ ಅಪ್ಪಂದಿರಿಗಿದೆ. ಇದರ ಮೂಲ ಟೈಗರ್ ವುಡ್ಸ್. ಎರಡು ವರ್ಷದ ಕೂಸು 1978ರಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಕೋಲು ಬೀಸಿ ತೋರಿಸಿದ್ದನ್ನು ಜಗತ್ತು ಇನ್ನೂ ಮರೆತಿಲ್ಲ. ಅದೇ ಟೈಗರ್ ಮುಂದೆ ಬೆನ್ನಿಗೆ ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದನ್ನು ಅಷ್ಟು ಜನ ನೆನೆಯುವುದಿಲ್ಲ. ಬಾಲ್ಯದಲ್ಲಿ ಹತ್ತಾರು ಆಟ ಆಡಿ ಟೆನಿಸ್‌ಗೆ ನಿಧಾನವಾಗಿ ಬಂದ ರೋಜರ್ ಫೆಡರರ್‌ನನ್ನು ಡೇವಿಡ್ ಎಪ್‌ಸ್ಟೀನ್ 2019ರ ತನ್ನ ಪುಸ್ತಕದಲ್ಲಿ ಟೈಗರ್‌ಗೆ ಎದುರಾಗಿ ನಿಲ್ಲಿಸಿದ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲಿ ಕೊಟ್ಟ ಸಲಹೆಯೂ ಆ ಕಡೆಗೇ: ಒಂದೇ ಆಟಕ್ಕೆ ಮೀಸಲಾಗುವುದನ್ನು ಸಾಧ್ಯವಾದರೆ ಹದಿನೈದು ಹದಿನಾರರವರೆಗೆ ಮುಂದೂಡಿ. ಅದಿತಿ ಐದೂವರೆಗೆ ಹಿಡಿದದ್ದು ನಿಜ. ಐದೂವರೆಗೆ ಹಿಡಿದು ಏಳಕ್ಕೆ ಬಿಟ್ಟವರ ಬಗ್ಗೆ ಯಾರೂ ಬರೆಯುವುದಿಲ್ಲವಷ್ಟೆ.

ನನ್ನ ಒಲವು ಹೀಗಿದೆ. ಕೋಲು ಕೊಡಿ, ಅಕಾಡೆಮಿ ಬೇಡ; ಕನಿಷ್ಠ ಹತ್ತು ವರ್ಷದವರೆಗೆ ಬೇಡ. ಕೋಲು ಕೊಡುವುದಕ್ಕೆ ಹುಲ್ಲು ಬೇಕಿಲ್ಲ. ನೀರಿಲ್ಲದ ನಾಡುಗಳಲ್ಲಿ ಮರಳಿಗೆ ಎಣ್ಣೆ ಬೆರೆಸಿ ತಟ್ಟಿ ಮಾಡಿದ ನೆಲದ ಮೇಲೆ ಗಾಲ್ಫ್ ಆಡುತ್ತಾರೆ, ಹಸಿರು ‘ಗ್ರೀನ್’ ಬದಲು ಅದನ್ನು ‘ಬ್ರೌನ್’ ಎನ್ನುತ್ತಾರೆ. ಸುಗ್ಗಿ ಮುಗಿದು ಖಾಲಿ ಬಿದ್ದ, ಸಗಣಿ ಸಾರಿಸಿ ಗಟ್ಟಿಯಾದ ಕಣ ಚೆಂಡು ಉರುಳಿಸಲು ಹೇಳಿ ಮಾಡಿಸಿದ ಜಾಗ. ಗಾಲ್ಫಿನ ಕುಳಿಯ ಅಡ್ಡಳತೆ 108 ಮಿಲಿಮೀಟರ್, ಅಂದರೆ ಒಂದು ಗೇಣಿನ ಅರ್ಧದಷ್ಟು. ಅಷ್ಟು ಅಗಲದ ಡಬ್ಬ ಹೂತರೆ ಸಾಕು. ಒಂದು ಗಜ ದೂರದಿಂದ ಶುರುಮಾಡಿ ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ಬಹಳ ಮಂದಿ ಮೊದಲ ದಿನವೇ ಮಗುವಿಗೆ ಬೀಸಿ ಹೊಡೆಯಲು ಹೇಳಿ, ಚೆಂಡು ತಗುಲದೆ ಅದು ಬೇಸತ್ತು ಕೂರುವಂತೆ ಮಾಡುತ್ತಾರೆ. ಗೋಲಿಯನ್ನು ಗುಳಿಗೆ ಬೀಳಿಸಿ ಬೆಳೆದ ಕೈಗೆ ಉರುಳಿಸುವ ಲೆಕ್ಕ ಆಗಲೇ ಗೊತ್ತಿರುತ್ತದೆ. ಆ ಗೊತ್ತಿರುವ ಕಡೆಯಿಂದಲೇ ಹೋಗುವುದು ಸಲೀಸು.

ದೊಡ್ಡವರ ಕೋಲನ್ನು ಕತ್ತರಿಸಿ ಕೊಡಬಾರದು. ಉದ್ದ ಕಡಿಮೆಯಾದರೂ ತಲೆಯ ಭಾರ ಹಾಗೇ ಉಳಿದು ಮಗುವಿನ ಮಣಿಕಟ್ಟು ಸೋಲುತ್ತದೆ. ಮಕ್ಕಳಿಗೆಂದೇ ಮಾಡಿದ ಹಗುರ ಪ್ಲಾಸ್ಟಿಕ್ ಕೋಲು, ಟೆನಿಸ್ ಬಾಲ್ ಸಾಕು. ನಿಜವಾದ ಗಾಲ್ಫ್ ಚೆಂಡು 45.93 ಗ್ರಾಮಿನ ಒಳಗಿನದು, ನೋಡಲು ಆಟಿಕೆ; ಹಣೆಗೆ ಬಡಿದರೆ ಕಲ್ಲು. ಬಯಲಲ್ಲಿ ಹತ್ತು ಮಕ್ಕಳು ಸೇರಿದಾಗ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಒಂದೇ ದಿಕ್ಕಿಗೆ ಹೊಡೆಯಬೇಕು, ಎಲ್ಲರೂ ಹೊಡೆದಾದ ಮೇಲೆಯೇ ಚೆಂಡು ಹೆಕ್ಕಲು ಹೋಗಬೇಕು. ಗಾಲ್ಫಿನಲ್ಲಿ ಮಕ್ಕಳಿಗೆ ಆಗುವ ಕೆಟ್ಟ ಪೆಟ್ಟುಗಳಲ್ಲಿ ಪಕ್ಕದಲ್ಲಿ ನಿಂತವರಿಗೆ ಕೋಲಿನ ತಲೆ ಬಡಿಯುವುದೂ ಒಂದು. ಒಂದು ಕ್ಲಸ್ಟರಿನ ನಾಲ್ಕಾರು ಶಾಲೆಗಳಿಗೆ ಸೇರಿ ಒಂದು ಚೀಲ ಕೋಲು ಇದ್ದು, ಪಿ.ಟಿ. ಮೇಷ್ಟ್ರು ತಿಂಗಳಿಗೊಮ್ಮೆ ಸರದಿಯಲ್ಲಿ ತಂದರೆ ಖೋಖೋ ಅಂಕಣಕ್ಕೆ ಏನೂ ತೊಂದರೆಯಾಗದು.

ಇದರಿಂದ ಚಾಂಪಿಯನ್ ಹುಟ್ಟುತ್ತಾರೆಯೇ ಎಂದರೆ, ಬಹುಶಃ ಇಲ್ಲ. ಕಬಡ್ಡಿ, ಖೋಖೋ, ಅಥ್ಲೆಟಿಕ್ಸ್ ಮಕ್ಕಳಿಗೆ ತಾಲ್ಲೂಕಿನಿಂದ ರಾಜ್ಯದವರೆಗೆ ಮೆಟ್ಟಿಲುಗಳಿವೆ, ಸರ್ಕಾರಿ ಕ್ರೀಡಾ ವಸತಿ ನಿಲಯಗಳಿವೆ, ಪ್ರಮಾಣಪತ್ರಕ್ಕೆ ಬೆಲೆಯಿದೆ. ಚುರುಕಿನ ಓಟಗಾರ್ತಿಯನ್ನು ಆ ಮೆಟ್ಟಿಲಿಂದ ಇಳಿಸಿ ಮೆಟ್ಟಿಲೇ ಇಲ್ಲದ ಕಡೆ ನಿಲ್ಲಿಸುವುದು ಅವಳಿಗೆ ಮಾಡುವ ಉಪಕಾರವಲ್ಲ. ಮಗು ಆಟ ಬಿಟ್ಟರೆ ಬಿಡಲಿ. ಪ್ಲಾಸ್ಟಿಕ್ ಕೋಲಿಗೆ ಹಣ ಹಾಕಿದ್ದೇವೆ ಎಂಬ ಕಾರಣಕ್ಕೆ ಎಳೆದು ತರಬಾರದು.

ಬಿಡದಿದ್ದರೆ? ಒಂದೆರಡು ಬೇಸಿಗೆ ಕಳೆದರೂ, ಯಾರೂ ಹೇಳದೆ, ಹತ್ತು ಹನ್ನೊಂದರ ಹುಡುಗಿ ಕಣದಲ್ಲಿ ತಾನೇ ಡಬ್ಬ ಹೂತು ಆಡುತ್ತಿದ್ದರೆ ಆಗ ಬೆಂಗಳೂರಿನ ಮಾತು ಎತ್ತಬಹುದು. ಅಷ್ಟು ಹೊತ್ತಿಗೆ ಮನೆಯಲ್ಲಿ ಬೇರೆ ಲೆಕ್ಕಗಳು ಬರುತ್ತವೆ. ಕೋಲಿನ ಸೆಟ್ಟು, ಅಂಗಳದ ಶುಲ್ಕ, ತರಬೇತುದಾರ ಎಲ್ಲ ಸೇರಿ ವರ್ಷಕ್ಕೆ ಹತ್ತಾರು ಸಾವಿರದಲ್ಲಿ ನಿಲ್ಲದೆ ಲಕ್ಷ ದಾಟುವುದು ಸುಲಭ. ಆ ಹಣ ತಮ್ಮನ ಟ್ಯೂಷನ್ನಿನಿಂದಲೋ ಹೊಸ ಬೋರ್‌ವೆಲ್ಲಿನಿಂದಲೋ ಬರಬೇಕು. ಅದಿತಿಯ ಜೊತೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರು ಸದಾ ಇದ್ದರು. ಶೇಂಗಾ ಬಿತ್ತನೆಯ ವಾರದಲ್ಲಿ ಪಾವಗಡದ ಮನೆಯಿಂದ ಮಗಳ ಜೊತೆ ಬೆಂಗಳೂರಿಗೆ ಹೋಗುವವರು ಯಾರು ಎಂಬುದನ್ನು ಮೊದಲು ಇತ್ಯರ್ಥ ಮಾಡಿಕೊಂಡು, ಆಮೇಲೆ ಫೋನ್ ಮಾಡಿ ಫೀಸು ವಿಚಾರಿಸಲಿ.